ಬಿಎಸ್ಸಿ ಕೃಷಿ ವಿದ್ಯಾರ್ಥಿವೇತನ: ಅರ್ಜಿಗೆ ಮುಂಚೆ ಸರಿಪಡಿಸಿಕೊಳ್ಳಬೇಕಾದ್ದು

ರೈತರ ಮಕ್ಕಳಿಗೆ ವಿದ್ಯಾರ್ಥಿವೇತನ ತಪ್ಪಿಹೋಗುವುದು ಹೆಚ್ಚಾಗಿ ಅರ್ಹತೆ ಇಲ್ಲದೆ ಅಲ್ಲ, ದಾಖಲೆಗಳು ಒಂದಕ್ಕೊಂದು ತಾಳೆಯಾಗದೆ. ಸೀಟು ಸಿಕ್ಕ ಕೂಡಲೇ, ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಶುರುವಾಗುವ ಮೊದಲೇ ಇವನ್ನು ನೋಡಿಕೊಳ್ಳಿ.

ಆಧಾರ್‌ನಲ್ಲಿರುವ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿದ್ದಂತೆಯೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ಅರ್ಜಿ ನಿಲ್ಲಬಹುದು. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸುಲಭ. ಎರಡು ಬ್ಯಾಂಕ್ ಖಾತೆ ಇದ್ದರೆ ದುಡ್ಡು ಬರುವುದು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ರಾಷ್ಟ್ರೀಯ ಸಂಸ್ಥೆ) ಕೊನೆಯದಾಗಿ ಆಧಾರ್ ಜೋಡಣೆಯಾದ ಖಾತೆಗೆ. ಅದು ಬಳಸದೆ ನಿಂತುಹೋದ ಖಾತೆಯಾಗಿದ್ದರೆ ಹಣ ವಾಪಸ್ ಹೋಗುತ್ತದೆ.

ರೈತರ ಮಕ್ಕಳಿಗಾಗಿ ರಾಜ್ಯ ಸರ್ಕಾರದ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಶುರುವಾದದ್ದು 2021ರಲ್ಲಿ. ಕೋರ್ಸಿಗೆ ತಕ್ಕಂತೆ ವರ್ಷಕ್ಕೆ ಹುಡುಗರಿಗೆ 2,500ರಿಂದ 10,000 ರೂಪಾಯಿ, ಹೆಣ್ಣುಮಕ್ಕಳಿಗೆ ತುಸು ಹೆಚ್ಚು, 3,000ರಿಂದ 11,000. ಇದಕ್ಕೆ ತಂದೆಯ ಅಥವಾ ತಾಯಿಯ ಹೆಸರಿನಲ್ಲಿ ಫ್ರೂಟ್ಸ್ ಐಡಿ, ಅಂದರೆ ಎಫ್‌ಐಡಿ (ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತರಿಗೆ ಸಿಗುವ ನೋಂದಣಿ ಸಂಖ್ಯೆ) ಇರಬೇಕು. ಬಹಳ ಮನೆಗಳು ಎಡವುವುದು ಇಲ್ಲೇ: ಉಳುಮೆ ಅಪ್ಪನದು, ಪಹಣಿ ಮಾತ್ರ ತೀರಿಹೋದ ಅಜ್ಜನ ಹೆಸರಲ್ಲಿ. ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಿಕೊಳ್ಳಿ, ಆಮೇಲೆ ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಪೌತಿ ಖಾತೆಗೆ ಸಮಯ ಹಿಡಿಯುತ್ತದೆ. ಪಿಯುಸಿಯಲ್ಲಿದ್ದಾಗಲೇ ಆರಂಭಿಸಿದರೆ ಒಳ್ಳೆಯದು.

ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ, ಆರ್‌ಡಿಯಿಂದ ಶುರುವಾಗುವ ಸಂಖ್ಯೆ ಬರೆದಿಟ್ಟುಕೊಳ್ಳಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ. ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದು ಮಾಡಿಸಿ. ಇ-ದೃಢೀಕರಣ (ಆನ್‌ಲೈನ್‌ನಲ್ಲಿ ದಾಖಲೆ ಪರಿಶೀಲಿಸಿ ಒಪ್ಪಿಗೆ ಕೊಡುವುದು) ಬೇಕಾದ ದಾಖಲೆಗಳನ್ನು ಕಾಲೇಜಿನ ಅಧಿಕಾರಿಯ ಹತ್ತಿರ ಬೇಗ ಮಾಡಿಸಿ, ಕೊನೆಯ ವಾರದಲ್ಲಿ ಅಲ್ಲಿ ಸಾಲು ದೊಡ್ಡದಾಗುತ್ತದೆ.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) ನೀಡುವ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಲೆಕ್ಕವೇ ಬೇರೆ. ಪದವಿಗೆ ತಿಂಗಳಿಗೆ 3,000 ರೂಪಾಯಿ. ಆದರೆ ಅಖಿಲ ಭಾರತ ಕೋಟಾದಲ್ಲಿ ಸೀಟು ಪಡೆದು ತವರು ರಾಜ್ಯದ ಹೊರಗೆ ಓದಬೇಕು. ಕರ್ನಾಟಕದ ವಿದ್ಯಾರ್ಥಿ ಬೆಂಗಳೂರಿನ ಜಿಕೆವಿಕೆ ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯವನ್ನೇ ಆರಿಸಿದರೆ ಇದು ಸಿಗದು, ಹಾಗಾಗಿ ಕೌನ್ಸೆಲಿಂಗ್ ಹೊತ್ತಿಗೇ ಯೋಚಿಸಿ. ಮನೆ ಹತ್ತಿರವಿರುವುದರ ಉಳಿತಾಯವನ್ನೂ ಲೆಕ್ಕ ಹಾಕಿ. ಸ್ನಾತಕೋತ್ತರಕ್ಕೆ ಐಸಿಎಆರ್ ಪಿಜಿ ವಿದ್ಯಾರ್ಥಿವೇತನ (ಹಿಂದೆ ಜೆಆರ್‌ಎಫ್ ಎನ್ನುತ್ತಿದ್ದರು) ದಕ್ಕಿದರೆ ತಿಂಗಳಿಗೆ 12,640 ರೂಪಾಯಿ. ಸಂಶೋಧನೆಯತ್ತ ಹೋಗುವವರು ಮೂರನೇ ವರ್ಷದಿಂದಲೇ ತಯಾರಿ ನಡೆಸಬೇಕು.

ಸರ್ಕಾರಿ ಕೆಲಸಕ್ಕೂ ಕಾಗದಪತ್ರವೇ ಮೊದಲ ಮೆಟ್ಟಿಲು. ಕರ್ನಾಟಕ ಲೋಕಸೇವಾ ಆಯೋಗ (ಕೆಪಿಎಸ್‌ಸಿ) 2024ರಲ್ಲಿ 945 ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ 50 ಅಂಕ ಬರದಿದ್ದರೆ ಉಳಿದ ಓದೆಲ್ಲ ವ್ಯರ್ಥ. ಬ್ಯಾಂಕ್ ಕಡೆ ಒಲವಿದ್ದವರಿಗೆ ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ ಮೂಲಕ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ ಇದೆ, ವಯಸ್ಸು 20ರಿಂದ 30. ಗ್ರಾಮೀಣ, ಕನ್ನಡ ಮಾಧ್ಯಮ ಮೀಸಲಾತಿಗೆ 1ರಿಂದ 10ನೇ ತರಗತಿ ಓದಿದ ಶಾಲೆಗಳ ಪತ್ರ ಬೇಕು. ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಮೀಸಲಾತಿಗಾಗಿ ಉಪವಿಭಾಗಾಧಿಕಾರಿ ನೀಡುವ 371(ಜೆ) ಪ್ರಮಾಣಪತ್ರ ಬೇಕು. ಇವುಗಳ ದಿನಾಂಕ ಅರ್ಜಿಯ ಕೊನೆಯ ದಿನಕ್ಕಿಂತ ಮುಂಚಿನದಾಗಿರಬೇಕು, ಆದ್ದರಿಂದ ಪದವಿಯ ಕೊನೆಯ ವರ್ಷದ ರಜೆಯಲ್ಲಿ ಎಲ್ಲವನ್ನೂ ಮಾಡಿಸಿಟ್ಟುಕೊಳ್ಳಿ.