ಹಳೆಯ ಇಂಜಿನ್ ತರಿಸುವಾಗ ಲಾರಿ ಬಾಡಿಗೆ ಉಳಿಸುವುದು ಹೇಗೆ?

ಕಲಬುರಗಿಯಲ್ಲಿ ನನ್ನದೊಂದು ಗ್ಯಾರೇಜ್ ಇದೆ. ಬೊಲೆರೋ, ಟಾಟಾ ಏಸ್ ಜಾಸ್ತಿ ಬರುತ್ತವೆ. ಇಂಜಿನ್ ಕೂತುಹೋದರೆ ಹೈದರಾಬಾದ್‌ನಿಂದಲೋ ಮುಂಬೈಯ ಕುರ್ಲಾದಿಂದಲೋ ಹಳೆಯದನ್ನು ತರಿಸುತ್ತೇವೆ. ಗಿರಾಕಿಗಳು ಮಾಲಿನ ರೇಟಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಬಾಡಿಗೆಯನ್ನು ಮಾತ್ರ ಕೇಳಿದಷ್ಟು ಕೊಟ್ಟುಬಿಡುತ್ತಾರೆ. ಅಲ್ಲೇ ದುಡ್ಡು ಸೋರುವುದು.

ಇಂಜಿನ್ನಿಗೆ ಬಾಡಿಗೆ ತೂಕದ ಮೇಲೆ. ಹಾಗಾಗಿ ಮಾಲು ಗುಜರಿ ಅಂಗಡಿಯಲ್ಲಿ ಇರುವಾಗಲೇ ಬೇಡದ್ದನ್ನು ಬಿಚ್ಚಿಸಿ. ನಿಮ್ಮ ಗಾಡಿಯ ಸ್ಟಾರ್ಟರ್, ಆಲ್ಟರ್ನೇಟರ್, ಫ್ಲೈವ್ಹೀಲ್, ಕ್ಲಚ್ ಚೆನ್ನಾಗಿದ್ದರೆ ಇನ್ನೊಂದು ಸೆಟ್ ಯಾಕೆ ಬೇಕು? ಡೀಸೆಲ್ ಇಂಜಿನ್‌ನಲ್ಲಿ ಇವಿಷ್ಟರಿಂದಲೇ ಸುಮಾರು 20 ಕೆಜಿ ಇಳಿಯುತ್ತದೆ. ಆಯಿಲ್, ಕೂಲೆಂಟ್ ಪೂರ್ತಿ ಬಸಿಯಲಿ, ತೂತುಗಳಿಗೆ ಬಟ್ಟೆ ತುರುಕಲಿ. ಸೋರುವ ಮಾಲನ್ನು ಲಾರಿ ಆಫೀಸಿನವರು ಮುಟ್ಟುವುದಿಲ್ಲ. ಇಂಜಿನ್ನನ್ನು ಸಂಪ್ (ತಳದಲ್ಲಿರುವ ಆಯಿಲ್ ತಟ್ಟೆ) ಮೇಲೆ ಕೂರಿಸಲು ಬಿಡಬೇಡಿ. ಹಳೆಯ ಟೈರ್ ಹಾಕಿ, ಸಂಪ್ ಅದರ ನಡುವಿನ ತೂತಿನಲ್ಲಿ ಬರುವಂತೆ ಇಟ್ಟು, ಹಗ್ಗ ಬಿಗಿದರೆ ಸಾಕು. ಮರದ ಪೆಟ್ಟಿಗೆ ಸುಮ್ನೆ ಖರ್ಚು, ತೂಕವೂ ಜಾಸ್ತಿ.

ಬಂಪರ್, ಡೋರ್, ಬಾನೆಟ್ ಲೆಕ್ಕ ಬೇರೆ. ಇವಕ್ಕೆ ತೂಕ ನೋಡುವುದಿಲ್ಲ, ಜಾಗ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 1728ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. ಒಂದು ಘನ ಅಡಿಗೆ 6 ಕೆಜಿ, 8 ಕೆಜಿ, ಕೆಲವರು 10 ಕೆಜಿ ಹಿಡಿಯುತ್ತಾರೆ. 66 ಇಂಚು ಉದ್ದ, 18 ಅಗಲ, 12 ಎತ್ತರದ ಬಂಪರ್ ಪಾರ್ಸೆಲ್ 8 ಕೆಜಿ ಲೆಕ್ಕದಲ್ಲಿ 66 ಕೆಜಿ ಆಗುತ್ತದೆ! ಕೈಯಲ್ಲಿ ಎತ್ತಿದರೆ ಐದಾರು ಕೆಜಿ ಅಷ್ಟೇ. ಹಾಗಾಗಿ ಬುಕ್ ಮಾಡುವ ಮುಂಚೆ ಎಷ್ಟು ಹಿಡಿಯುತ್ತೀರಿ ಎಂದು ಕೇಳಿ. ಎರಡು ಬಂಪರ್ ಇದ್ದರೆ ಒಂದರೊಳಗೊಂದು ಕೂರಿಸಿ ಕಟ್ಟಿಸಿ.

ಇನ್ನು ರಿಟರ್ನ್ ಲಾರಿ. ವಾಡಿ, ಸೇಡಂ ಕಡೆಯಿಂದ ಸಿಮೆಂಟ್ ಹೊತ್ತು ಹೈದರಾಬಾದ್‌ಗೆ ಹೋದ ಲಾರಿಗಳು ವಾಪಸ್ ಬರುವಾಗ ಎಷ್ಟೋ ಸಲ ಖಾಲಿ. ಡ್ರೈವರ್ ಪರಿಚಯ ಇದ್ದರೆ ಕಡಿಮೆಗೆ ಆಗುತ್ತದೆ. ಆದರೆ ಬಿಲ್ಟಿ, ಅಂದರೆ ಲಾರಿ ಆಫೀಸಿನ ಮಾಲಿನ ರಸೀದಿ, ಇರುವುದಿಲ್ಲ, ಮಾಲು ಹೋದರೆ ಹೋಯಿತು. ನಾನು ಗೇರ್‌ಬಾಕ್ಸ್ ಹೀಗೆ ತರಿಸುತ್ತೇನೆ, ಇಂಜಿನ್ ತರಿಸುವುದಿಲ್ಲ. ಯಾವ ಲಾರಿ ಆದರೂ ಮಾಲಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ತೆಗೆಯುವ ಬಿಲ್) ಬೇಕು.

ಬಿಲ್ಟಿಯಲ್ಲಿ ಮಾಲಿನ ಬೆಲೆ ಬರೆಸಿ. ಬರೆಸದಿದ್ದರೆ 2007ರ ರಸ್ತೆ ಸಾಗಣೆ ಕಾಯ್ದೆಯ ನಿಯಮದಂತೆ ಬಾಡಿಗೆಯ ಹತ್ತು ಪಟ್ಟಿನ ತನಕ ಮಾತ್ರ ಪರಿಹಾರ. ಬಾಡಿಗೆ 1,200 ಇದ್ದರೆ 12,000. ಅಷ್ಟಕ್ಕೆ ಯಾವ ಇಂಜಿನ್ ಬರುತ್ತದೆ ಹೇಳಿ?

ಮನೆ ಬಾಗಿಲಿಗೆ ಡೆಲಿವರಿ ಬೇಡ. ಗೋದಾಮಿನಿಂದ ನೀವೇ ಟಂಟಂನಲ್ಲಿ ತನ್ನಿ. ಹಮಾಲಿ ಎಷ್ಟು ಎಂದು ಮೊದಲೇ ಮಾತಾಡಿ. ತಡ ಮಾಡಿದರೆ ಗೋದಾಮಿನ ಬಾಡಿಗೆಯೂ ಸೇರುತ್ತದೆ. ಸಹಿ ಹಾಕುವ ಮುಂಚೆ ಸಂಪ್ ಕೆಳಗೆ ಕೈಯಾಡಿಸಿ, ತಗ್ಗು ಬಿದ್ದಿದ್ದರೆ ಬಿಲ್ಟಿ ಮೇಲೆಯೇ ಬರೆಯಿರಿ. ಬ್ಲಾಕ್ ಮೇಲಿನ ನಂಬರನ್ನೂ ಬಿಲ್ಲಿನಲ್ಲಿರುವ ನಂಬರನ್ನೂ ತಾಳೆ ನೋಡಿ, ಇಂಜಿನ್ ಬದಲಾಯಿಸಿದ್ದನ್ನು ದಾಖಲೆಗೆ ಸೇರಿಸಲು ಆ ಬಿಲ್ ಆರ್‌ಟಿಒಗೆ ಬೇಕಾಗುತ್ತದೆ.