ಅಪ್ಪನ ಜೊತೆ ಕೂತು ‘ಬೊಮ್ಮರಿಲ್ಲು’ ನೋಡುವುದು ಹೇಗೆ

ಬಳ್ಳಾರಿಯಲ್ಲಿ ಬೆಳೆದವರಿಗೆ ತೆಲುಗು ಸಿನಿಮಾ ಹೊಸದಲ್ಲ. 2006ರ ‘ಬೊಮ್ಮರಿಲ್ಲು’ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಪ್ಪನ ಪಕ್ಕ ಕೂತು ನೋಡಿದ್ದು ಮಾತ್ರ ಒಂದೇ ಸಲ, ನನಗೆ 27 ಆದಾಗ. ಮನೆಯಲ್ಲಿ ಎಲ್ಲಾ ಅಪ್ಪನೇ ತೀರ್ಮಾನಿಸುತ್ತಾರೆ, ಎದುರು ನಿಂತು ಹೇಳೋಕೆ ಆಗಲ್ಲ ಅನ್ನುವವರು ಹೀಗೆ ಮಾಡಿ ನೋಡಿ.

ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಹಾಕಿ. ಹತ್ತಿರ ಹತ್ತಿರ 3 ಗಂಟೆಯ ಸಿನಿಮಾ, ರಾತ್ರಿ ಆದರೆ ಅರ್ಧಕ್ಕೇ ನಿದ್ದೆ. ನೆಂಟರಿರುವ ದಿನ ಬೇಡ. ನಾಲ್ಕು ಜನರ ಮುಂದೆ ಚುಚ್ಚಿದ ಹಾಗಾಗುತ್ತದೆ. ‘ನಿಮಗೋಸ್ಕರಾನೇ ಹಾಕಿದ್ದೀನಿ’ ಅಂತ ಹೇಳಲೇಬೇಡಿ. ಪ್ರಕಾಶ್ ರಾಜ್ ಇದ್ದಾರೆ ಅನ್ನಿ, ಸಾಕು. ನಮ್ಮ ಬೆಂಗಳೂರಿನವರು ಅಂತ ಅಪ್ಪ ತಾವೇ ಬಂದು ಕೂತರು.

ಶುರುವಿನ ದೃಶ್ಯ ತಪ್ಪಿಸಬೇಡಿ. ಸಮುದ್ರದ ದಂಡೆಯಲ್ಲಿ ಅಪ್ಪ ಮಗುವನ್ನು ನಡೆಸುತ್ತಿರುತ್ತಾನೆ. ಮಗನಿಗೆ 24 ಆದಮೇಲೂ ಆ ಕೈ ಬಿಡದಿದ್ದರೆ? ಇಡೀ ಕಥೆ ಇದೇ. ಸಿದ್ಧಾರ್ಥ್ ಮಾಡಿರುವ ಸಿದ್ದು ಹೊರಗೆ ಒಂದು ಥರ, ಮನೆಯೊಳಗೆ ಇನ್ನೊಂದು ಥರ. ಅಪ್ಪ ಹುಡುಗಿ ಗೊತ್ತು ಮಾಡಿದಾಗಲೂ ಬೇಡ ಅನ್ನೋಕೆ ಬಾಯಿ ಬರಲ್ಲ. ಹಾಗಂತ ಆ ಅಪ್ಪ ಕೆಟ್ಟವನಲ್ಲ. ಮಗನಿಗೆ ಒಳ್ಳೆಯದೇ ಸಿಗಲಿ ಅನ್ನುವ ಪ್ರೀತಿ ಜಾಸ್ತಿಯಾಗಿದೆ, ಅಷ್ಟೇ. ಸಿದ್ದು ಪ್ರೀತಿಸಿದ ಹುಡುಗಿ ಹಾಸಿನಿ ಆ ಮನೆಗೆ ಬಂದು ಇರುವ ಭಾಗದಲ್ಲಿ ನಿಮ್ಮಪ್ಪ ನಕ್ಕರೆ ನೀವೂ ನಗಿ. ಜೊತೆಯಲ್ಲಿ ನಕ್ಕಿದ್ದು ಆಮೇಲೆ ಕೆಲಸಕ್ಕೆ ಬರುತ್ತದೆ.

ಮಗ ಒಳಗಿದ್ದದ್ದನ್ನೆಲ್ಲ ಕೊನೆಗೆ ಹೊರಹಾಕುತ್ತಾನಲ್ಲ, ಆಗ ಅಪ್ಪನ ಮುಖ ನೋಡಬೇಡಿ. ಟಿವಿಯನ್ನೇ ನೋಡಿ. ನಮ್ಮಪ್ಪ ಬಿಡಿಸಿದ ಶೇಂಗಾ ತಿನ್ನದೆ ಮುಷ್ಟಿಯಲ್ಲೇ ಹಿಡಿದಿದ್ದರು. ಸುಮಾರು ಹೊತ್ತಿನ ಮೇಲೆ ಕೇಳಿದರು, ‘ಆ ಹುಡುಗ ಇದನ್ನ ಮೊದಲೇ ಹೇಳಬಹುದಿತ್ತಲ್ಲ?’ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಹೌದಲ್ವಾ, ನಾನೂ ಯಾವತ್ತೂ ಹೇಳಿರಲಿಲ್ಲ.

ಕಾಲೇಜು, ಕೋರ್ಸು ಅಂತ ಹಳೇ ಲೆಕ್ಕವನ್ನೆಲ್ಲ ಅವತ್ತು ತೆಗೆಯಬೇಡಿ. ಒಂದೇ ಒಂದು ಚಿಕ್ಕ ವಿಷಯ ಕೇಳಿ. ಕೆಲಸಕ್ಕೆ ಸೇರಿ 4 ವರ್ಷವಾದರೂ ನನ್ನ ಎಟಿಎಂ ಕಾರ್ಡ್ ಅಪ್ಪನ ಪರ್ಸಿನಲ್ಲೇ ಇತ್ತು. ‘ಅಪ್ಪಾ, ಕಾರ್ಡ್ ನನ್ನ ಹತ್ತಿರ ಇರಲಿ’ ಅಂದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮತ್ತೆ ಕೇಳಬಾರದು, ಸುಮ್ನೆ ಕಾಯಬೇಕು. ಎಲ್ಲಕ್ಕಿಂತ ಕಷ್ಟ ಇದೇ. ಬುಧವಾರ ಸಂಜೆ ಸ್ಕೂಟರ್ ತೆಗೆದು ‘ಬಾ’ ಅಂದರು. ನಾನು ಹೊಸ ಪಿನ್ ಒತ್ತುವಾಗ ಅಪ್ಪ ಎಟಿಎಂನ ಗಾಜಿನ ಬಾಗಿಲ ಆಚೆ, ರಸ್ತೆ ಕಡೆ ಮುಖ ಮಾಡಿ ನಿಂತಿದ್ದರು.