ಎರಡೂವರೆ ಕಿಲೋ ನಾಯಿ ಸಾಕುವವರು ಕಣ್ಣಿಡಬೇಕಾದ ಸಂಗತಿಗಳು

ನಮ್ಮ ಪುಟ್ಟಿ ಪೊಮೇರಿಯನ್. ಈಗ ಹನ್ನೊಂದು ವರ್ಷ, ತೂಕ ಎರಡೂವರೆ ಕಿಲೋ. ಮನೆಗೆ ಬಂದಾಗ ಎರಡು ತಿಂಗಳ ಮರಿ. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ 650 ಗ್ರಾಂ ತೋರಿಸಿತ್ತು.

ಬಂದ ಮೂರನೇ ದಿನ ಬೆಳಿಗ್ಗೆ ನೋಡಿದರೆ ಮರಿ ತೂರಾಡುತ್ತಿದೆ. ಎತ್ತಿಕೊಂಡೆ, ಕತ್ತು ವಾಲಿತು. ವಸಡು ಬಿಳಿಚಿಕೊಂಡಿತ್ತು, ಮೈ ತಣ್ಣಗಿತ್ತು. ನನಗೆ ಕೈಕಾಲೇ ಆಡಲಿಲ್ಲ. ಅತ್ತೆ ಜೇನುತುಪ್ಪ ತಂದು, ಬೆರಳಲ್ಲಿ ಅದರ ವಸಡಿಗೆ ಸವರಿದರು. ಐದು ನಿಮಿಷಕ್ಕೆ ನಾಲಿಗೆ ಆಡಿಸಿತು. ಆಮೇಲೆ ಡಾಕ್ಟರ್ ಹೇಳಿದರು, ಸಕ್ಕರೆ ಇಳಿದಿತ್ತು ಅಂತ. ಇಷ್ಟು ಸಣ್ಣ ಮರಿಯ ಮೈಯಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ. ನಾವು ರಾತ್ರಿ ಒಂಬತ್ತಕ್ಕೆ ಊಟ ಹಾಕಿ ಬೆಳಿಗ್ಗೆ ಏಳರವರೆಗೆ ಖಾಲಿ ಹೊಟ್ಟೆಯಲ್ಲಿ ಬಿಟ್ಟಿದ್ದೆವು.

ಹಾಗಾಗಿ ಮರಿಗೆ ನಾಲ್ಕು ತಿಂಗಳಾಗುವವರೆಗೆ ಮೂರು-ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿಸಿ. ಅಲಾರಾಂ ಇಟ್ಟು ರಾತ್ರಿಯೂ ಒಮ್ಮೆ ಎದ್ದೇಳಿ. ಮರಿ ಸೋತು ಬಿದ್ದರೆ ಜೇನು ಅಥವಾ ಗಟ್ಟಿಯಾಗಿ ಕಲಸಿದ ಗ್ಲೂಕೋಸ್ ಪುಡಿ ವಸಡಿಗೆ ಸವರಿ. ಬಾಯಿಗೆ ನೀರು ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಟವೆಲ್‌ನಲ್ಲಿ ಸುತ್ತಿ ಬೆಚ್ಚಗಿಡಿ. ಚೇತರಿಸಿಕೊಂಡಿತಲ್ಲ ಅಂತ ಸುಮ್ನೆ ಕೂರಬೇಡಿ, ತಕ್ಷಣ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಹೊಟ್ಟೆಹುಳ, ಪಾರ್ವೋ ಎಂಬ ವೈರಸ್ ಕಾಯಿಲೆ ಕೂಡ ಮರಿಯನ್ನು ಹೀಗೆ ಬೀಳಿಸಬಹುದು.

ಇನ್ನು ಕೆಮ್ಮು. ಪುಟ್ಟಿಗೆ ಆರು ವರ್ಷವಾಗಿದ್ದಾಗ, ಹಾಲಿನವರನ್ನು ಕಂಡು ಹಗ್ಗ ಎಳೆದವಳೇ 'ಹಾಂಕ್, ಹಾಂಕ್' ಅಂದಳು. ಥೇಟ್ ಬಾತುಕೋಳಿ ಕೂಗಿದ ಹಾಗೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂದುಕೊಂಡೆವು. ಆದರೆ ತೊಂದರೆ ಇದ್ದದ್ದು ಶ್ವಾಸನಾಳದಲ್ಲಿ. ಅದನ್ನು ತೆರೆದಿಡುವುದು ಬಾಯಿ ಬಿಟ್ಟ ಬಳೆಯಂಥ ಮೆದು ಎಲುಬುಗಳು. ಪೊಮೇರಿಯನ್, ಯಾರ್ಕಿ, ಚಿವಾವಾ ತರಹದ ನಾಯಿಗಳಲ್ಲಿ ಈ ಬಳೆಗಳು ಸಡಿಲವಾಗಿ ಕೊಳವೆ ಚಪ್ಪಟೆಯಾಗುವುದು ಜಾಸ್ತಿ.

ಅವತ್ತೇ ಕತ್ತಿನ ಬೆಲ್ಟ್ ಬಿಚ್ಚಿಟ್ಟೆ. ಎದೆಗೆ ಹಾಕುವ ಹಾರ್ನೆಸ್ ತಂದೆವು. ಆಗ ಅವಳ ತೂಕ 3 ಕಿಲೋ ದಾಟಿತ್ತು, ಅದನ್ನು ನಿಧಾನವಾಗಿ ಇಳಿಸಿದೆವು. ಅರ್ಧ ಕಿಲೋ ಇಳಿದ ಮೇಲೆ ಕೆಮ್ಮು ಎಷ್ಟೋ ಕಡಿಮೆಯಾಯಿತು. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಅವಳನ್ನು ರೂಮಿಗೆ ಕಳಿಸಿ ಬಾಗಿಲು ಹಾಕುತ್ತೇನೆ. ಅಗರಬತ್ತಿ, ಸಾಂಬ್ರಾಣಿ ಹೊಗೆಯೂ ಅವಳ ಹತ್ತಿರ ಬೇಡ. ಇನ್ನೊಂದು ಮಾತು: ಆಸ್ಪತ್ರೆಗೆ ಹೋದಾಗ ನಾಯಿ ಕೆಮ್ಮುವುದೇ ಇಲ್ಲ. ಮನೆಯಲ್ಲೇ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಆದರೆ ನಾಲಿಗೆ ನೀಲಿಯಾದರೆ ವಿಡಿಯೊ, ಮನೆಮದ್ದು ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಿ.

ವಯಸ್ಸಾದ ಪುಟ್ಟ ನಾಯಿ ಕೆಮ್ಮಿದರೆ ಹೃದಯದ ಕವಾಟ ಸವೆದಿರಲೂಬಹುದು. ಅದಕ್ಕೆ ಗಾಢವಾಗಿ ಮಲಗಿರುವಾಗ ಉಸಿರು ಎಣಿಸಿ. ಎದೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು. ನಿಮಿಷಕ್ಕೆ 30 ದಾಟುತ್ತಲೇ ಇದ್ದರೆ ಡಾಕ್ಟರಿಗೆ ತಿಳಿಸಿ. ಪುಟ್ಟಿಯದು 18-20. ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡುತ್ತೇನೆ.

ಹಲ್ಲಿನ ವಿಷಯದಲ್ಲಿ ನನ್ನಿಂದ ತಪ್ಪಾಯಿತು, ಇವತ್ತಿಗೂ ಬೇಸರವಿದೆ. ದೊಡ್ಡ ನಾಯಿಗೆ ಇರುವ 42 ಹಲ್ಲೇ ಈ ಪುಟ್ಟ ದವಡೆಯಲ್ಲೂ ಬರಬೇಕು. ಜಾಗ ಸಾಲದೆ ಒತ್ತೊತ್ತಾಗಿ, ಸಂದಿಗಳಲ್ಲಿ ಊಟ ಸಿಕ್ಕಿ ಪಾಚಿ ಕಟ್ಟುತ್ತದೆ. ಬಾಯಿವಾಸನೆ ನಾಯಿಗೆ ಸಹಜ ಅಂದುಕೊಂಡು ಬಿಟ್ಟೆ. ಎಂಟನೇ ವರ್ಷದಲ್ಲಿ ಏಳು ಹಲ್ಲು ಕೀಳಿಸಬೇಕಾಯಿತು. ಈಗ ಪ್ರತಿ ರಾತ್ರಿ ಮಕ್ಕಳ ಮೃದು ಬ್ರಷ್, ನಾಯಿಗಳ ಪೇಸ್ಟ್. ನಮ್ಮ ಪೇಸ್ಟ್ ಹಾಕಲೇಬಾರದು, ಅವು ನುಂಗಿಬಿಡುತ್ತವೆ. ಆರು ತಿಂಗಳಾದರೂ ಹಾಲುಹಲ್ಲಿನ ಕೋರೆ ಬೀಳದೆ ಪಕ್ಕದಲ್ಲೇ ಹೊಸದು ಬಂದಿದ್ದರೆ ಡಾಕ್ಟರಿಗೆ ತೋರಿಸಿ ಕೀಳಿಸಿ.

ನಡೆಯುತ್ತಾ ಇದ್ದಕ್ಕಿದ್ದಂತೆ ಹಿಂಗಾಲು ಎತ್ತಿ ನಾಲ್ಕು ಹೆಜ್ಜೆ ಕುಂಟಿ, ಮತ್ತೆ ಏನೂ ಆಗದ ಹಾಗೆ ಓಡಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಟೈಲ್ಸ್ ನೆಲದ ಮೇಲೆ ಚಾಪೆ ಹಾಸಿ, ಸೋಫಾದಿಂದ ಹಾರಲು ಬಿಡಬೇಡಿ, ಡಾಕ್ಟರಿಗೆ ತೋರಿಸಿ.

ಪಾಯಸದ ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಯಾವ ನಾಯಿಗೂ ಬೇಡ. ಇಷ್ಟು ಸಣ್ಣ ಮೈಗಂತೂ ಸ್ವಲ್ಪವೇ ಜಾಸ್ತಿಯಾಗುತ್ತದೆ. ಜ್ವರ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಲೇಬೇಡಿ.

ಭಾನುವಾರ ಬೆಳಿಗ್ಗೆ ಪುಟ್ಟಿಯನ್ನು ಅದೇ ಅಡುಗೆಮನೆ ತಕ್ಕಡಿ ಮೇಲೆ ಕೂರಿಸುತ್ತೇನೆ. ಅದು 5 ಕಿಲೋವರೆಗೆ ತೂಗುತ್ತದೆ. ಕಾರಣವಿಲ್ಲದೆ 100 ಗ್ರಾಂ ಇಳಿದಿದ್ದರೂ ಸೋಮವಾರ ಡಾಕ್ಟರಿಗೆ ಫೋನ್ ಮಾಡುತ್ತೇನೆ.